ಹಕ್ಕಿ ಜ್ವರ ಮನುಷ್ಯರಿಗೂ ಬರುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಹಕ್ಕಿ ಜ್ವರದ ಸುದ್ದಿ ಬರುವುದೇ ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾದಾಗ. 2020ರಲ್ಲೂ ಹಾಗೇ ಆಯಿತು, 2025ರಲ್ಲೂ ಹಾಗೇ. ಹೊಸತೊಡಕಿಗೆ ಇನ್ನು ಮೂರು ವಾರ ಇದೆ ಅನ್ನುವಾಗ ಫೋನು ಶುರು: "ಸಾರ್, ಈ ಸಲ ಕೋಳಿ ತರಬಹುದಾ, ಇಲ್ಲ ಮಟನ್ನೇ ಗತಿಯಾ?" ಪಶುವೈದ್ಯನಾಗಿ ಹಳ್ಳಿ ತಿರುಗುವ ನನಗೆ ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಇವೇ ಪ್ರಶ್ನೆಗಳು. ಎಲ್ಲರೂ ಊಟದ ಬಗ್ಗೆ ಕೇಳುತ್ತಾರೆ, ಕೋಳಿ ಮುಟ್ಟುವ ಕೈ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಹಕ್ಕಿ ಜ್ವರ, ಕೋಳಿ ಶೀತಜ್ವರ, ಎಚ್5ಎನ್1: ಎಲ್ಲ ಒಂದೇನಾ?

ಮೊದಲೆರಡು ಒಂದೇ. ಇಲಾಖೆಯ ಸುತ್ತೋಲೆಯಲ್ಲಿ ಕೋಳಿ ಶೀತಜ್ವರ ಅಂತಿರುತ್ತದೆ, ಪೇಪರಿನಲ್ಲಿ ಹಕ್ಕಿ ಜ್ವರ. ಎಚ್5ಎನ್1 ಅನ್ನುವುದು ಆ ರೋಗ ತರುವ ವೈರಸ್‌ಗಳಲ್ಲಿ ಒಂದರ ಹೆಸರು. ಇನ್‌ಫ್ಲುಯೆಂಜಾ 'ಎ' ಗುಂಪಿನ ವೈರಸ್‌ನ ಮೈಮೇಲೆ ಎರಡು ಬಗೆಯ ಮುಳ್ಳುಗಳಿರುತ್ತವೆ. ಎಚ್ ಅನ್ನುವ ಮುಳ್ಳಿನಿಂದ ಅದು ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ. ಒಳಗೆ ಹುಟ್ಟಿದ ಹೊಸ ವೈರಸ್‌ಗಳು ಕೋಶದಿಂದ ಬಿಡಿಸಿಕೊಂಡು ಹೊರಬರಲು ಎನ್ ಬೇಕು. ಎರಡರಲ್ಲೂ ಹಲವು ನಮೂನೆ ಇರುವುದರಿಂದ ಎಚ್5ಎನ್1, ಎಚ್7ಎನ್9, ಎಚ್9ಎನ್2 ಅಂತ ಜೋಡಿ ಹೆಸರು. ಕೋಳಿ ಶೆಡ್ಡನ್ನು ಎರಡೇ ದಿನದಲ್ಲಿ ಖಾಲಿ ಮಾಡಬಲ್ಲ ಮಾರಿಗಳು ಹುಟ್ಟುವುದು ಎಚ್5 ಮತ್ತು ಎಚ್7 ವಂಶದಲ್ಲಿ.

ಈ ವೈರಸ್‌ನ ನಿಜವಾದ ಮನೆ ಕೋಳಿಯಲ್ಲ, ನೀರುಹಕ್ಕಿ. ಕಾಡುಬಾತು, ಹೆಬ್ಬಾತುಗಳ ಕರುಳಿನಲ್ಲಿ ಸದ್ದಿಲ್ಲದೆ ಇದ್ದು ಹಿಕ್ಕೆಯಲ್ಲಿ ಕೆರೆ ನೀರಿಗೆ ಇಳಿಯುತ್ತದೆ. ಎಷ್ಟೋ ಬಾತುಗಳಿಗೆ ಏನೂ ಆಗುವುದಿಲ್ಲ. ಅದೇ ನೀರು ಕುಡಿದ ಕೋಳಿ ಉಳಿಯುವುದಿಲ್ಲ.

ನಮ್ಮಲ್ಲಿ ಬರುವ ಕೊಕ್ಕರೆ ರೋಗವೂ ಇದೇ ಅಲ್ಲವಾ?

ಅಲ್ಲ. ಕೊಕ್ಕರೆ ರೋಗ ಅಂದರೆ ರಾಣಿಖೇತ್, ಬೇರೆಯೇ ವೈರಸ್. ಅದಕ್ಕೆ ಲಸಿಕೆ ಇದೆ. ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿಕೊಳ್ಳಿ. ತೊಂದರೆ ಏನೆಂದರೆ ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರ ಹಾಗೇ ಕಾಣುತ್ತವೆ: ಕೋಳಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತದೆ, ಉಸಿರಿಗೆ ಒದ್ದಾಡುತ್ತದೆ, ಹಸಿರು ಬಣ್ಣದ ಭೇದಿ. ಹಕ್ಕಿ ಜ್ವರದಲ್ಲಿ ಜುಟ್ಟು ನೀಲಿಗೆ ತಿರುಗಿ, ಮುಖ ಊದಿ, ಕಾಲಿನ ತೊಗಲಿನ ಮೇಲೆ ರಕ್ತದ ಕಲೆ ಮೂಡಬಹುದು. ಕೆಲವು ಸಲ ಅಷ್ಟಕ್ಕೂ ಪುರುಸೊತ್ತು ಕೊಡುವುದಿಲ್ಲ. ರಾತ್ರಿ ಕಾಳು ತಿಂದು ಗೂಡು ಸೇರಿದ ಕೋಳಿ ಬೆಳಿಗ್ಗೆ ಸೆಟೆದು ಬಿದ್ದಿರುತ್ತದೆ. ನಾನೂ ಕಣ್ಣಲ್ಲಿ ನೋಡಿ ಇದು ಅದೇ ಅಂತ ಹೇಳಲಾರೆ. ಮಾದರಿ ಭೋಪಾಲ್‌ನ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗಿ ಬಂದ ಮೇಲೇ ಖಚಿತ.

ಹಕ್ಕಿಯ ರೋಗ ಮನುಷ್ಯನಿಗೆ ಹತ್ತುವುದು ಹೇಗೆ?

ಕಷ್ಟಪಟ್ಟು. ಅದು ನಮ್ಮ ಪುಣ್ಯ. ಫ್ಲೂ ವೈರಸ್ ಕೋಶದೊಳಗೆ ಹೋಗಬೇಕಾದರೆ ಕೋಶದ ಹೊರಗಿರುವ ಒಂದು ಬಗೆಯ ಸಕ್ಕರೆ ಅಣುವನ್ನು ಹಿಡಿದುಕೊಳ್ಳಬೇಕು. ಹಕ್ಕಿಗಳ ಕರುಳಿನಲ್ಲಿರುವ ಸಕ್ಕರೆ ಒಂದು ನಮೂನೆಯಾದರೆ, ನಮ್ಮ ಮೂಗು ಗಂಟಲಿನಲ್ಲಿ ಹೆಚ್ಚಾಗಿರುವುದು ಇನ್ನೊಂದು ನಮೂನೆ. ಹಾಗಾಗಿ ಹಕ್ಕಿಯ ವೈರಸ್ ನಮ್ಮ ಮೂಗಿಗೆ ಬಂದರೂ ಹಿಡಿತ ಸಿಗದೆ ಜಾರುತ್ತದೆ. ಆದರೆ ಹಕ್ಕಿಗಿರುವಂಥದ್ದೇ ಸಕ್ಕರೆ ನಮ್ಮ ಶ್ವಾಸಕೋಶದ ತಳದಲ್ಲಿ ಇದೆ, ಕಣ್ಣಿನ ಒಳಪೊರೆಯಲ್ಲೂ ಇದೆ. ವೈರಸ್ ತುಂಬ ಪ್ರಮಾಣದಲ್ಲಿ, ತೀರ ಹತ್ತಿರದಿಂದ ಒಳಗೆ ಹೋದರೆ ಅಲ್ಲಿ ಬೇರೂರುತ್ತದೆ. ತಳಕ್ಕೆ ಇಳಿದರೆ ನ್ಯುಮೋನಿಯಾ. ಕಣ್ಣಿಗೆ ಸಿಡಿದರೆ ಕೆಂಗಣ್ಣು.

ಅಷ್ಟು ಪ್ರಮಾಣ ಎಲ್ಲಿ ಸಿಗುತ್ತದೆ? ಕಾಯಿಲೆ ಕೋಳಿಯ ಕತ್ತು ಕೊಯ್ಯುವಾಗ, ಬಿಸಿನೀರಿಗೆ ಅದ್ದಿ ಪುಕ್ಕ ಕೀಳುವಾಗ, ಕರುಳು ತೆಗೆಯುವಾಗ, ಒಣಗಿದ ಹಿಕ್ಕೆ ಗುಡಿಸುವಾಗ ಏಳುವ ಧೂಳಿನಲ್ಲಿ. ಬೆಂದ ಸಾರಿನ ಬಟ್ಟಲಿನಲ್ಲಿ ಅಲ್ಲ.

ಮೊದಲ ಸಲ ಹೀಗೆ ಆದದ್ದು ಯಾವಾಗ?

ಎಚ್5ಎನ್1 ಮಟ್ಟಿಗೆ ಹೇಳುವುದಾದರೆ 1997ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಪಕ್ಕದ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಸಾಕಿದ ಹೆಬ್ಬಾತುಗಳಿಗೆ ರೋಗ ಬಂದಿತ್ತು. ಇವತ್ತು ಜಗತ್ತು ಸುತ್ತುತ್ತಿರುವ ಎಚ್5 ವೈರಸ್‌ಗಳೆಲ್ಲ ಆ ಹೆಬ್ಬಾತಿನ ವೈರಸ್‌ನ ಮರಿಮಕ್ಕಳು. 1997ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೂರು ವರ್ಷದ ಮಗುವೊಂದು ಜ್ವರ ಬಂದು ತೀರಿಕೊಂಡಿತು. ಗಂಟಲಿನ ದ್ರವದಲ್ಲಿ ಫ್ಲೂ ವೈರಸ್ ಸಿಕ್ಕಿತು, ಆದರೆ ಯಾವ ನಮೂನೆ ಅಂತ ಪತ್ತೆ ಹಚ್ಚಲು ಆಗಸ್ಟ್ ಬರಬೇಕಾಯಿತು. ಮನುಷ್ಯರಲ್ಲಿ ಎಚ್5 ಸಿಗಬಹುದು ಅಂತ ಆಗ ಯಾರೂ ಅಂದುಕೊಂಡಿರಲಿಲ್ಲ.

ಚಳಿಗಾಲ ಶುರುವಾಗುತ್ತಲೇ ಇನ್ನಷ್ಟು ಜನರಿಗೆ ಬಂತು. ಒಟ್ಟು 18 ಮಂದಿ, ಅವರಲ್ಲಿ 6 ಸಾವು. ಅಲ್ಲಿನ ಜನಕ್ಕೆ ಕೋಳಿಯನ್ನು ಜೀವಂತ ನೋಡಿ ಆರಿಸಿ ಕೊಯ್ಯಿಸಿಕೊಂಡು ಬರುವ ರೂಢಿ, ನಮ್ಮ ಹಾಗೇ. ರೋಗ ಆ ಜೀವಂತ ಕೋಳಿ ಮಾರುಕಟ್ಟೆಗಳಲ್ಲೇ ಕೂತಿತ್ತು. ಡಿಸೆಂಬರ್ ಕೊನೆಯಲ್ಲಿ ಸರ್ಕಾರ ಊರಿನ ಅಷ್ಟೂ ಕೋಳಿಗಳನ್ನು ಕೊಲ್ಲಿಸಿತು, ಹದಿಮೂರು ಲಕ್ಷಕ್ಕೂ ಹೆಚ್ಚು. ಮನುಷ್ಯರಲ್ಲಿ ರೋಗ ಅಲ್ಲಿಗೇ ನಿಂತಿತು. ಆಗ ಅಲ್ಲಿನ ಆರೋಗ್ಯ ಇಲಾಖೆಯ ಮುಖ್ಯಸ್ಥೆಯಾಗಿದ್ದವರು ಮಾರ್ಗರೆಟ್ ಚಾನ್. ಜನರ ಭಯ ಬಿಡಿಸಲು ತಾವು ದಿನಾ ಕೋಳಿ ತಿನ್ನುವುದಾಗಿ ಹೇಳಿ ಬೈಸಿಕೊಂಡಿದ್ದರು. ಮುಂದೆ ಅವರೇ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥೆಯಾದರು.

ಕೋಳಿಯ ಮೂಲದಲ್ಲೇ ಕತ್ತರಿಸಿದರೆ ಮನುಷ್ಯನಿಗೆ ಬರುವುದು ನಿಲ್ಲುತ್ತದೆ ಅನ್ನುವ ಪಾಠ ಬಂದದ್ದು ಅಲ್ಲಿಂದ. ಇವತ್ತಿಗೂ ನಾವು ಮಾಡುವುದು ಅದನ್ನೇ.

ಬಂದವರಲ್ಲಿ ಅರ್ಧಕ್ಕರ್ಧ ಜನ ಸಾಯುತ್ತಾರಂತೆ, ನಿಜವಾ?

ಲೆಕ್ಕಕ್ಕೆ ಸಿಕ್ಕವರ ಮಟ್ಟಿಗೆ ನಿಜ. 2003ರಿಂದ 2025ರವರೆಗೆ 25 ದೇಶಗಳಲ್ಲಿ ಸಾವಿರಕ್ಕೆ ಹತ್ತಿರ ಹತ್ತಿರ ಜನರಿಗೆ ಎಚ್5ಎನ್1 ಬಂದದ್ದು ವಿಶ್ವ ಆರೋಗ್ಯ ಸಂಸ್ಥೆಯ ದಾಖಲೆಯಲ್ಲಿದೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಸತ್ತಿದ್ದಾರೆ. ಆದರೆ ಲೆಕ್ಕಕ್ಕೆ ಸಿಗುವವರು ಯಾರು? ಉಸಿರಾಡಲಾಗದೆ ದೊಡ್ಡಾಸ್ಪತ್ರೆ ಸೇರಿದವರು. ಎರಡು ದಿನ ನೆಗಡಿ ಬಂದು ಕಷಾಯ ಕುಡಿದು ಹೊಲಕ್ಕೆ ಹೋದವನ ಗಂಟಲಿಗೆ ಯಾರೂ ಹತ್ತಿಕಡ್ಡಿ ಹಾಕುವುದಿಲ್ಲ. ಅಮೆರಿಕದಲ್ಲಿ 2024ರಿಂದ ಹಸು, ಕೋಳಿ ಸಾಕುವಲ್ಲಿ ಕೆಲಸ ಮಾಡುವವರನ್ನು ಹುಡುಕಿ ಹುಡುಕಿ ಪರೀಕ್ಷೆ ಮಾಡಿದಾಗ ಎಪ್ಪತ್ತು ಚಿಲ್ಲರೆ ಜನರಲ್ಲಿ ಸಿಕ್ಕಿತು. ಹೆಚ್ಚಿನವರಿಗೆ ಕಣ್ಣು ಕೆಂಪಾಗಿದ್ದು, ಸ್ವಲ್ಪ ಜ್ವರ, ಅಷ್ಟೇ. ಅಲ್ಲಿಯ ಮೊದಲ ಸಾವು 2025ರ ಜನವರಿಯಲ್ಲಿ, ಲೂಸಿಯಾನಾ ರಾಜ್ಯದಲ್ಲಿ.

ಹಾಗಂತ ಇದು ಬರೀ ನೆಗಡಿ ಅನ್ನುವಂತಿಲ್ಲ. ಕಾಂಬೋಡಿಯಾದಲ್ಲಿ 2023ರಿಂದ ಈಚೆಗೆ ಮಕ್ಕಳೂ ಸೇರಿ ಎಷ್ಟೋ ಜನ ಸತ್ತಿದ್ದಾರೆ. ಹೆಚ್ಚಿನವರ ಮನೆಯಲ್ಲಿ, ಇಲ್ಲವೇ ನೆರೆಯಲ್ಲಿ, ಹಿತ್ತಲ ಕೋಳಿ ಕಾಯಿಲೆ ಬಿದ್ದಿತ್ತು. ಅಲ್ಲಿ ಓಡಾಡುತ್ತಿರುವ ವೈರಸ್‌ನ ಕವಲೂ ಅಮೆರಿಕದ ಹಸುಗಳಲ್ಲಿರುವ ಕವಲೂ ಬೇರೆ ಬೇರೆ.

ಭಾರತದಲ್ಲಿ ಮನುಷ್ಯರಿಗೆ ಬಂದಿದೆಯಾ?

ಬಂದಿದೆ, ಬೆರಳೆಣಿಕೆಯಷ್ಟು. ಕೋಳಿಗಳಲ್ಲಿ ಮೊದಲು ಕಾಣಿಸಿದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಆಮೇಲೆ ಹದಿನೈದು ವರ್ಷ ಮನುಷ್ಯರಲ್ಲಿ ಎಚ್5ಎನ್1ನ ಒಂದೂ ಪ್ರಕರಣ ದಾಖಲಾಗಿರಲಿಲ್ಲ. 2021ರ ಜುಲೈನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಹರಿಯಾಣದ ಒಬ್ಬ ಬಾಲಕ ತೀರಿಕೊಂಡ. ಅದು ದೇಶದ ಮೊದಲ ಸಾವು. ಎರಡನೆಯದು 2025ರ ಮಾರ್ಚ್‌ನಲ್ಲಿ, ನಮ್ಮ ಪಕ್ಕದ ಆಂಧ್ರದಲ್ಲಿ, ಎರಡು ವರ್ಷದ ಹೆಣ್ಣುಮಗು. ಅಡುಗೆ ಮಾಡುವಾಗ ಕೇಳಿತು ಅಂತ ಮಗುವಿನ ಕೈಗೆ ಹಸಿ ಕೋಳಿಯ ತುಂಡು ಕೊಟ್ಟಿದ್ದರಂತೆ, ಮಗು ಅದನ್ನು ಬಾಯಿಗೆ ಹಾಕಿಕೊಂಡಿತ್ತು ಅಂತ ಮನೆಯವರು ಹೇಳಿದ್ದಾಗಿ ವರದಿಯಾಯಿತು. ಬೆಂದ ಮೇಲೆ ಅದೇ ಕೋಳಿಯನ್ನು ತಿಂದ ಮನೆಯವರಿಗೆ ಏನೂ ಆಗಿರಲಿಲ್ಲ.

ಇದನ್ನು ಓದಿದಾಗ ನನಗೆ ನಮ್ಮ ಅಡುಗೆಮನೆಗಳೇ ಕಣ್ಣ ಮುಂದೆ ಬಂದವು. ಅಮ್ಮ ಈಳಿಗೆ ಮುಂದೆ ಕೂತು ಕೋಳಿ ಹೆಚ್ಚುತ್ತಿರುತ್ತಾಳೆ, ಮಗು ಪಕ್ಕದಲ್ಲೇ ಕೂತು ಕಾಲಿನ ಪಂಜ ಹಿಡಿದು ಆಡುತ್ತಿರುತ್ತದೆ. ಕೋಳಿ ಮನೆಗೆ ಬಂದ ದಿನ ಹೆಚ್ಚಿ, ತೊಳೆದು, ನೆಲ ಒರೆಸುವವರೆಗೆ ಚಿಕ್ಕ ಮಕ್ಕಳನ್ನು ಆ ಕಡೆ ಬಿಡಬೇಡಿ.

ಕರ್ನಾಟಕದಲ್ಲಿ?

ಕೋಳಿಗಳಲ್ಲಿ ಹಲವು ಸಲ ಬಂದಿದೆ: 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಸಂಸ್ಥೆಯ ಟರ್ಕಿ ಕೋಳಿಗಳಿಗೆ, 2018ರ ಆರಂಭದಲ್ಲಿ ಬೆಂಗಳೂರಿನ ದಾಸರಹಳ್ಳಿಯಲ್ಲಿ, 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲು ಮತ್ತು ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ ಮತ್ತು ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ. 2020ರದ್ದಂತೂ ಮರೆಯುವಂತಿಲ್ಲ. ಕೋಳಿಯಿಂದ ಕೊರೊನಾ ಬರುತ್ತದೆ ಅನ್ನುವ ಪುಕಾರು ಬೇರೆ ಅದೇ ಹೊತ್ತಿಗೆ ಹಬ್ಬಿತ್ತು. ಎರಡೂ ಸೇರಿ ಕೋಳಿ ಕೇಳುವವರೇ ಇಲ್ಲವಾಗಿ, ರೋಗವೇ ಇಲ್ಲದ ಕೋಳಿಗಳನ್ನೂ ರೈತರು ಜೀವಂತ ಗುಂಡಿಗೆ ಸುರಿದರು. ಆ ಯುಗಾದಿಯ ದಿನವೇ ಲಾಕ್‌ಡೌನ್ ಶುರುವಾಯಿತು, ಹೊಸತೊಡಕೂ ಹೋಯಿತು.

ಸರಿ, ಈಗ ಹೇಳಿ. ಚಿಕನ್ ತಿನ್ನಬಹುದಾ?

ತಿನ್ನಿ. 70 ಡಿಗ್ರಿ ಸೆಲ್ಸಿಯಸ್ ಶಾಖ ಮಾಂಸದ ಒಳಗಿನವರೆಗೂ ಮುಟ್ಟಿದರೆ ವೈರಸ್ ಸಾಯುತ್ತದೆ. ನಮ್ಮ ಸಾರು ಕುದಿಯುವುದು ನೂರರ ಹತ್ತಿರ, ಅದೂ ಅರ್ಧ ಗಂಟೆ. ಕುಕ್ಕರ್ ಮೂರು ಸೀಟಿ ಹಾಕಿದ ಮೇಲೆ ಬದುಕುಳಿಯುವ ಫ್ಲೂ ವೈರಸ್ ಇಲ್ಲ. ಅನುಮಾನ ಇರುವುದು ಕೆಂಡದ ಮೇಲೆ ಹೊರಗೆ ಕಪ್ಪಾಗಿ ಮೂಳೆ ಹತ್ತಿರ ಇನ್ನೂ ಗುಲಾಬಿ ಬಣ್ಣ ಉಳಿದಿರುವ ತುಂಡಿನ ಬಗ್ಗೆ ಮಾತ್ರ. ಅಂಥದ್ದನ್ನು ಹಕ್ಕಿ ಜ್ವರ ಇಲ್ಲದಾಗಲೂ ತಿನ್ನಬಾರದು.

ಅಡುಗೆ ಶುರುವಾಗುವ ಮುಂಚಿನ ಹತ್ತು ನಿಮಿಷ ಮುಖ್ಯ. ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ಜೋರಾಗಿ ನೀರು ಬಿಟ್ಟರೆ ಸಿಂಕಿನ ಸುತ್ತ ಎರಡಡಿ ಹನಿ ಸಿಡಿಯುತ್ತದೆ, ಪಕ್ಕದಲ್ಲಿಟ್ಟ ಕೊತ್ತಂಬರಿ ಕಟ್ಟಿನ ಮೇಲೂ. ಪಾತ್ರೆಯಲ್ಲಿ ನೀರು ಹಾಕಿ ಮೆಲ್ಲಗೆ ತೊಳೆಯಿರಿ. ಅದೇ ಚಾಕುವಿನಲ್ಲಿ ಈರುಳ್ಳಿ, ಸೌತೆಕಾಯಿ ಹೆಚ್ಚಬೇಡಿ. ಕೈಗೆ ಸೋಪು. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇರುವುದರಿಂದ ಮಾಮೂಲಿ ಬಟ್ಟೆ ಸೋಪಿಗೂ ಸಾಯುತ್ತದೆ.

ಮೊಟ್ಟೆ?

ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ. ರೋಗ ಬಂದ ಕೋಳಿಯ ಮೊಟ್ಟೆಯ ಒಳಗೂ ಹೊರಗೂ ವೈರಸ್ ಇರಬಲ್ಲದು. ಹತ್ತಿರದಲ್ಲಿ ರೋಗದ ಸುದ್ದಿ ಇದ್ದಾಗ ಹಾಫ್ ಬಾಯ್ಲ್, ಬುಲ್ಸ್ ಐ ಬಿಡಿ. ಜಿಮ್ಮಿಗೆ ಹೋಗುವ ಹುಡುಗರು ಹಸಿ ಮೊಟ್ಟೆ ಒಡೆದು ಕುಡಿಯುವುದನ್ನಂತೂ ಯಾವ ಕಾಲಕ್ಕೂ ಬಿಡಬೇಕು.

ಹಿತ್ತಲ ಕೋಳಿ ಮಂಕಾಗಿದೆ, ಒಂದೆರಡು ಸತ್ತಿವೆ. ಏನು ಮಾಡಲಿ?

ಯಾರೂ ಕೇಳದ, ಆದರೆ ಎಲ್ಲರೂ ಕೇಳಬೇಕಾದ ಪ್ರಶ್ನೆ ಇದೇ.

ನಮ್ಮ ದೊಡ್ಡಮ್ಮನ ಮನೆಯಲ್ಲಿ ಹತ್ತು ಹನ್ನೆರಡು ನಾಟಿ ಕೋಳಿಗಳಿದ್ದವು. ಒಂದು ಬೆಳಿಗ್ಗೆ ಹೋದಾಗ ಹುಂಜ ಹುಲ್ಲಿನ ಮೆದೆ ಪಕ್ಕ ಕತ್ತು ಕುಗ್ಗಿಸಿಕೊಂಡು ನಿಂತಿತ್ತು, ಕಣ್ಣು ಅರ್ಧ ಮುಚ್ಚಿ. ದೊಡ್ಡಮ್ಮ ಕೈಗೆ ಕತ್ತಿ ಕೊಟ್ಟು "ಜೀವ ಹೋಗೋಕ್ ಮುಂಚೆ ಕುಯ್ದುಬಿಡಪ್ಪ, ಆಮೇಲೆ ಬಾಯಿಗಿಲ್ಲ" ಅಂದಳು. ನಾನು ಪಶುವೈದ್ಯ ಅನ್ನುವುದು ಅವಳಿಗೆ ಗೊತ್ತು. ಆದರೂ ಒಂದು ಕೋಳಿ ಸುಮ್ಮನೆ ಹಾಳಾಗುವುದು ಅವಳ ಮನಸ್ಸಿಗೆ ಒಪ್ಪುವ ಮಾತಲ್ಲ. ಅದು ಬಡತನದ ಲೆಕ್ಕ, ಅಜ್ಞಾನ ಅಂತ ಬೈಯಲು ನನಗೆ ಬಾಯಿ ಬರಲಿಲ್ಲ. ಆ ಸಲ ಅದು ಕೊಕ್ಕರೆ ರೋಗವೇ ಆಗಿತ್ತು. ಹಕ್ಕಿ ಜ್ವರವಾಗಿದ್ದರೆ, ಕಾಯಿಲೆ ಕೋಳಿಯ ಬಿಸಿ ರಕ್ತ, ಪುಕ್ಕ, ಕರುಳು ಎಲ್ಲ ಅವಳ ಕೈಮೇಲೆ, ಮುಖದ ಹತ್ತಿರ. ಜಗತ್ತಿನಲ್ಲಿ ಮನುಷ್ಯರಿಗೆ ಈ ರೋಗ ಬಂದ ಕಥೆಗಳಲ್ಲಿ ಬಹಳಷ್ಟು ಶುರುವಾಗುವುದು ಇಂಥ ಹಿತ್ತಲಿನಲ್ಲಿ, ಇಂಥ ಕತ್ತಿಯಿಂದ.

ಹಾಗಾಗಿ ಕಾಯಿಲೆ ಕೋಳಿ ಕೊಯ್ಯಬೇಡಿ. ಅರ್ಧ ಬೆಲೆಗೆ ಮಾರಬೇಡಿ. ಸತ್ತದ್ದನ್ನು ಕೆರೆಗೆ, ಚರಂಡಿಗೆ, ಬೇಲಿ ಆಚೆಗೆ ಎಸೆಯಬೇಡಿ. ನಾಯಿ, ಕಾಗೆ ಎಳೆದಾಡಿದರೆ ಊರಿಗೆಲ್ಲ ಹಂಚಿದ ಹಾಗೆ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಒಂದೇ ಕೋಳಿ ಸತ್ತಿದ್ದರೆ ಏನೋ ಎಂತೋ, ಎರಡು ಮೂರು ದಿನದಲ್ಲಿ ಸಾಲಾಗಿ ಸಾಯುತ್ತಿದ್ದರೆ ತಡ ಮಾಡಬೇಡಿ. ಮಾದರಿ ತೆಗೆದ ಮೇಲೆ ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಬಾವಿ ಕೆರೆಯಿಂದ ದೂರ ಆಳದ ಗುಂಡಿ ತೋಡಿ ಸುಣ್ಣ ಸುರಿದು ಹೂಳಿ. ಗೂಡನ್ನು ಒಣಗಿದ್ದಾಗ ಗುಡಿಸಬೇಡಿ. ಮೊದಲು ಸೋಪಿನ ನೀರು ಚಿಮುಕಿಸಿ ಒದ್ದೆ ಮಾಡಿ, ಆಮೇಲೆ ಗೋರಿ.

ಚಿಕನ್ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಅಪಾಯ ಜಾಸ್ತಿಯಾ?

ತಿನ್ನುವವರಿಗಿಂತ ಖಂಡಿತ ಜಾಸ್ತಿ. ಯಾವುದಾದರೂ ಅಂಗಡಿಯ ಹಿಂದೆ ಹೋಗಿ ನಿಂತು ನೋಡಿ. ಪಂಜರದಿಂದ ಎಳೆದ ಕೋಳಿಯ ಕತ್ತು ಕೊಯ್ದು ಡ್ರಮ್ಮಿಗೆ ಹಾಕುತ್ತಾರೆ, ಅದು ಒಳಗೇ ಬಡಿದುಕೊಂಡು ರಕ್ತ ಚಿಮ್ಮುತ್ತದೆ. ಆಮೇಲೆ ಪುಕ್ಕ ಕೀಳುವ ಮಿಷನ್ನು ಗರಗರ ತಿರುಗುವಾಗ ಅದರ ಬಾಯಿಂದ ಮಂಜಿನಂಥ ತುಂತುರು ಏಳುತ್ತದೆ. ಅದರ ಮೇಲೆ ಬಗ್ಗಿ ನಿಂತಿರುವ ಹುಡುಗನಿಗೆ ಮಾಸ್ಕಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಮಾಸ್ಕು, ಕಣ್ಣಿಗೆ ಅಗ್ಗದ ಪ್ಲಾಸ್ಟಿಕ್ ಕನ್ನಡಕ, ಗಮ್ ಬೂಟು, ಕೆಲಸ ಮುಗಿದ ಮೇಲೆ ಸ್ನಾನ, ಬಟ್ಟೆ ಬದಲು: ಇಷ್ಟಕ್ಕೆ ಮಾಲೀಕನಿಗೆ ನಾಲ್ಕು ಕೋಳಿಯ ಬೆಲೆಯೂ ಆಗುವುದಿಲ್ಲ. ವಾರಕ್ಕೊಂದು ದಿನ ಅಂಗಡಿ ಪೂರ್ತಿ ಖಾಲಿ ಮಾಡಿ ತೊಳೆದರೆ ವೈರಸ್‌ನ ಸರಪಳಿ ಕಡಿಯುತ್ತದೆ. ಹಾಂಗ್‌ಕಾಂಗ್‌ನಲ್ಲಿ ಮಾರುಕಟ್ಟೆಗೆ ಹೀಗೆ ರಜೆ ಕೊಟ್ಟು ನೋಡಿ ಗೊತ್ತು ಮಾಡಿಕೊಂಡದ್ದು ಇದು.

ಒಂದು ಫಾರಂನಲ್ಲಿ ಬಂದರೆ ಸುತ್ತಲಿನ ಆರೋಗ್ಯವಾದ ಕೋಳಿಗಳನ್ನೂ ಯಾಕೆ ಕೊಲ್ಲುತ್ತಾರೆ?

ರೋಗ ಕಂಡ ಜಾಗದಿಂದ ಒಂದು ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳನ್ನೆಲ್ಲ ಕೊಂದು, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುವುದು ನಮ್ಮಲ್ಲಿರುವ ಕ್ರಮ. ವೈರಸ್ ಹಕ್ಕಿಯ ರೆಕ್ಕೆಯ ಮೇಲೆ ಮಾತ್ರ ಬರುವುದಿಲ್ಲ. ಮೊಟ್ಟೆ ಟ್ರೇ, ಫೀಡ್ ಲಾರಿಯ ಟೈರು, ಲಸಿಕೆ ಹಾಕಲು ಶೆಡ್ಡಿಂದ ಶೆಡ್ಡಿಗೆ ಹೋಗುವವರ ಚಪ್ಪಲಿ, ಶುಂಠಿ ಹೊಲಕ್ಕೆ ಅಡಿಕೆ ತೋಟಕ್ಕೆ ಹೋಗುವ ಕೋಳಿ ಗೊಬ್ಬರ, ಎಲ್ಲದರಲ್ಲೂ ಬರುತ್ತದೆ. ಇವತ್ತು ಆರೋಗ್ಯವಾಗಿ ಕಾಣುವ ಕೋಳಿ ನಾಳೆ ವೈರಸ್ ಉಗುಳಬಹುದು.

ಕೊಂದ ಕೋಳಿಗೆ ಪರಿಹಾರ ಉಂಟು, ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹಾಕುತ್ತವೆ. ಆದರೆ ಸಿಬ್ಬಂದಿ ಬರುವ ಮೊದಲೇ ರೋಗದಿಂದ ಸತ್ತ ಕೋಳಿಗೆ ಪರಿಹಾರವಿಲ್ಲ. ಬೇಗ ತಿಳಿಸಿದಷ್ಟೂ ಹೆಚ್ಚು ಕೋಳಿಗೆ ದುಡ್ಡು ಬರುತ್ತದೆ ಅನ್ನುವುದು ಅದರ ಹಿಂದಿನ ಎಣಿಕೆ. ಹಳ್ಳಿಯಲ್ಲಿ ಆಗುವುದು ತಿರುಗಾಮುರುಗಾ. ಮೊದಲ ದಿನ ಇಪ್ಪತ್ತು ಸತ್ತಾಗ ಸೆಕೆ ಅನ್ನುತ್ತಾರೆ, ಎರಡನೇ ದಿನ ನೂರು ಸತ್ತಾಗ ರಾತ್ರಿ ಗುಂಡಿ ತೋಡುತ್ತಾರೆ, ಉಳಿದದ್ದನ್ನು ಬೆಳಗಾಗುವಷ್ಟರಲ್ಲಿ ಗಾಡಿಗೆ ಹತ್ತಿಸುತ್ತಾರೆ. ಪರಿಹಾರ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕು ಅಂತ ಪಕ್ಕದೂರಿನವನಿಂದ ಕೇಳಿರುತ್ತಾರೆ. ಗುತ್ತಿಗೆ ಸಾಕಣೆಯಲ್ಲಿ ಕೋಳಿ ಕಂಪನಿಯದು, ಶೆಡ್ಡು ಮತ್ತು ಸಾಲ ಮಾತ್ರ ರೈತನದು. ನನ್ನ ಕೇಳಿದರೆ ಚೆಕ್‌ಪೋಸ್ಟಿನಲ್ಲಿ ಲಾರಿ ಟೈರಿಗೆ ಔಷಧಿ ಹೊಡೆಯುವುದಕ್ಕಿಂತ ಹದಿನೈದು ದಿನದೊಳಗೆ ಪರಿಹಾರ ಕೊಡುವುದು ಮನುಷ್ಯರನ್ನು ಹೆಚ್ಚು ಕಾಪಾಡುತ್ತದೆ.

ಹಸುವಿನ ಹಾಲಿಗೂ ಬಂತಂತೆ?

ಅಮೆರಿಕದಲ್ಲಿ. 2024ರ ಮಾರ್ಚ್‌ನಲ್ಲಿ ಟೆಕ್ಸಾಸ್, ಕ್ಯಾನ್ಸಸ್ ರಾಜ್ಯಗಳ ಡೇರಿ ಹಸುಗಳಲ್ಲಿ ಎಚ್5ಎನ್1 ಸಿಕ್ಕಿತು. ಹಸುವಿಗೆ ಬರಬಹುದು ಅಂತ ನಮ್ಮ ವೃತ್ತಿಯವರು ಯಾರೂ ಎಣಿಸಿರಲಿಲ್ಲ. ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು, ಬಂದಷ್ಟು ಹಾಲೂ ಹಳದಿಯಾಗಿ ಗಿಣ್ಣಿನ ಹಾಗೆ ಮಂದವಾಗಿತ್ತು. ಆ ಹಸಿ ಹಾಲು ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ಕೆಚ್ಚಲಿನಲ್ಲಿ ಹಕ್ಕಿಗಿರುವ ಸಕ್ಕರೆಯೂ ಇದೆ, ಮನುಷ್ಯನಿಗಿರುವ ಸಕ್ಕರೆಯೂ ಇದೆ, ವೈರಸ್‌ಗೆ ಅಲ್ಲೇ ಮನೆ ಸಿಕ್ಕಿತು. ಹಾಲು ಕರೆಯುವ ಯಂತ್ರದ ಮೂಲಕ ಒಂದು ಹಸುವಿನಿಂದ ಇನ್ನೊಂದಕ್ಕೆ, ಹಸು ಸಾಗಿಸಿದ ಲಾರಿಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹೋಯಿತು. ಹಾಲು ಕರೆಯುವವರ ಕಣ್ಣಿಗೆ ಸಿಡಿದು ಅವರಿಗೂ ಹತ್ತಿತು. ಕ್ಯಾಲಿಫೋರ್ನಿಯಾ ಆ ವರ್ಷದ ಡಿಸೆಂಬರ್‌ನಲ್ಲಿ ತುರ್ತು ಪರಿಸ್ಥಿತಿ ಸಾರಿತು.

ಪಾಶ್ಚರೀಕರಿಸಿದರೆ ಹಾಲಿನಲ್ಲಿ ವೈರಸ್ ಸಾಯುತ್ತದೆ. ಪ್ಯಾಕೆಟ್ ಹಾಲು ಹಾಗೆ ಬಂದದ್ದೇ, ಅದನ್ನೂ ನಾವು ಮನೆಯಲ್ಲಿ ಉಕ್ಕಿಸದೆ ಬಿಡುವುದಿಲ್ಲ. ಮನೆ ಹಸುವಿನ ಹಾಲನ್ನು ಕರೆದ ಕೂಡಲೇ ನೊರೆ ಸಮೇತ ಕುಡಿದರೆ ಶಕ್ತಿ ಅನ್ನುವವರು ಮಾತ್ರ ಯೋಚಿಸಬೇಕು, ಅದರಿಂದ ಬರುವ ಬ್ರುಸೆಲ್ಲಾ ಜ್ವರ ನಮ್ಮಲ್ಲಿ ಈಗಾಗಲೇ ಇದೆ.

ಮನುಷ್ಯನಿಂದ ಮನುಷ್ಯನಿಗೆ ಹರಡುತ್ತದಾ?

ಸರಾಗವಾಗಿ ಹರಡುವುದಿಲ್ಲ, ಇವತ್ತಿನವರೆಗೆ. ಅಪರೂಪಕ್ಕೆ ಒಂದೇ ಮನೆಯೊಳಗೆ ಆಗಿದೆ. 2004ರಲ್ಲಿ ಥಾಯ್ಲೆಂಡಿನಲ್ಲಿ ಆಸ್ಪತ್ರೆಯಲ್ಲಿ ಮಗಳ ಪಕ್ಕ ಕೂತು ಆರೈಕೆ ಮಾಡಿದ ತಾಯಿಗೆ ಬಂತು. 2006ರಲ್ಲಿ ಇಂಡೊನೇಷ್ಯಾದ ಸುಮಾತ್ರಾದಲ್ಲಿ ಒಂದೇ ಕುಟುಂಬದ ಏಳು ಮಂದಿ ಸತ್ತರು. ಎರಡೂ ಕಡೆ ಮನೆಯಾಚೆ ದಾಟಲಿಲ್ಲ.

ವಿಜ್ಞಾನಿಗಳ ನಿದ್ದೆ ಕೆಡಿಸುವುದು ಈ 'ಇವತ್ತಿನವರೆಗೆ' ಅನ್ನುವ ಮಾತು. ಫ್ಲೂ ವೈರಸ್‌ನ ವಂಶವಾಹಿ ಒಂದೇ ಹಗ್ಗವಲ್ಲ, ಎಂಟು ಬಿಡಿ ತುಂಡು. ಒಂದೇ ಕೋಶಕ್ಕೆ ಎರಡು ಬೇರೆ ಫ್ಲೂ ಹೊಕ್ಕರೆ ಎರಡು ಕಟ್ಟು ಇಸ್ಪೀಟು ಬೆರೆಸಿ ಹಂಚಿದ ಹಾಗೆ ಹೊಸ ಕೈ ಹುಟ್ಟುತ್ತದೆ. 1957ರ ಮತ್ತು 1968ರ ಜಾಗತಿಕ ಫ್ಲೂಗಳು ಹುಟ್ಟಿದ್ದು ಹೀಗೇ, ಮನುಷ್ಯರ ಫ್ಲೂಗೆ ಹಕ್ಕಿ ಫ್ಲೂನ ಕೆಲವು ತುಂಡು ಸೇರಿ. ಹಂದಿಗೆ ಹಕ್ಕಿಯದೂ ಹತ್ತುತ್ತದೆ, ಮನುಷ್ಯನದೂ ಹತ್ತುತ್ತದೆ. ಅದಕ್ಕೇ ಕೋಳಿ ಶೆಡ್ಡಿನ ಪಕ್ಕ ಹಂದಿ ಗೂಡು ಕಟ್ಟಬೇಡಿ ಅನ್ನುವುದು.

2009ರ ಹಂದಿ ಜ್ವರ ಹಾಗಾದರೆ?

ಅದು ಎಚ್1ಎನ್1. ಹಂದಿ, ಹಕ್ಕಿ, ಮನುಷ್ಯ ಮೂವರ ತುಂಡುಗಳೂ ಸೇರಿದ್ದ ವೈರಸ್. ಮೆಕ್ಸಿಕೊ ಕಡೆಯಿಂದ ಎದ್ದು ಕೆಲವೇ ತಿಂಗಳಲ್ಲಿ ಜಗತ್ತು ಸುತ್ತಿತು, ಜೂನ್ 11ಕ್ಕೆ ಜಾಗತಿಕ ಸಾಂಕ್ರಾಮಿಕ ಅಂತ ಘೋಷಣೆಯಾಯಿತು. ಈಗ ಅದು ಮನುಷ್ಯರ ಮಾಮೂಲಿ ಮಳೆಗಾಲ, ಚಳಿಗಾಲದ ಫ್ಲೂ. ಅದು ನಮ್ಮಲ್ಲಿ ಹರಡಲು ಹಂದಿ ಬೇಕಿಲ್ಲ. ಈಚೆಗೆ ಪೇಪರಿನಲ್ಲಿ ಬರುವ ಆಫ್ರಿಕನ್ ಹಂದಿ ಜ್ವರ ಇದಲ್ಲ. ಅದು ಮನುಷ್ಯರಿಗೆ ಬರುವುದೇ ಇಲ್ಲ.

ಲಕ್ಷಣಗಳೇನು? ಔಷಧಿ ಇದೆಯಾ?

ಜ್ವರ, ಕೆಮ್ಮು, ಮೈಕೈ ನೋವು, ಕೆಲವರಿಗೆ ಕಣ್ಣು ಕೆಂಪು, ಭೇದಿ. ಜೋರಾದರೆ ಉಸಿರಾಟಕ್ಕೆ ಕಷ್ಟ. ಮಾಮೂಲಿ ಫ್ಲೂಗೂ ಇದಕ್ಕೂ ಲಕ್ಷಣದಲ್ಲಿ ಗೆರೆ ಎಳೆಯಲಾಗದು. ಡಾಕ್ಟರಿಗೆ ದಾರಿ ತೋರುವುದು ನೀವು ಹೇಳುವ ಒಂದು ವಾಕ್ಯ: "ಹೋದ ವಾರ ನಮ್ಮ ಮನೆ ಕೋಳಿ ಸತ್ತವು, ನಾನೇ ಎತ್ತಿ ಹಾಕಿದೆ." ಅವರು ಕೇಳದಿದ್ದರೂ ಹೇಳಿ. ಒಸೆಲ್ಟಾಮಿವಿರ್ ಅನ್ನುವ ಮಾತ್ರೆ ಇದೆ, ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ನುಂಗುವಂಥದ್ದಲ್ಲ. ಆಂಟಿಬಯೋಟಿಕ್ ಮಾತ್ರೆಗೆ ವೈರಸ್ ಬಗ್ಗುವುದಿಲ್ಲ.

ಲಸಿಕೆ?

ವರ್ಷ ವರ್ಷ ಹಾಕುವ ಫ್ಲೂ ಲಸಿಕೆ ಎಚ್5ಎನ್1 ತಡೆಯುವುದಿಲ್ಲ. ಆದರೂ ಕೋಳಿ ಕೆಲಸದವರು ಹಾಕಿಸಿಕೊಂಡರೆ ಒಳ್ಳೆಯದು. ಒಬ್ಬನ ಮೈಯಲ್ಲೇ ಎರಡು ಫ್ಲೂ ಸೇರಿ ಇಸ್ಪೀಟು ಬೆರೆಯುವ ಸಾಧ್ಯತೆ ಕಡಿಮೆಯಾಗುತ್ತದೆ. ಮನುಷ್ಯರಿಗೆ ಎಚ್5 ಲಸಿಕೆ ತಯಾರಿದೆ, ಫಿನ್ಲೆಂಡ್ 2024ರಲ್ಲಿ ಅಪಾಯದ ಕೆಲಸದಲ್ಲಿರುವವರಿಗೆ ಹಾಕತೊಡಗಿತು. ಚೀನಾ 2017ರಲ್ಲಿ ಕೋಳಿಗಳಿಗೇ ಎಚ್7 ಲಸಿಕೆ ಹಾಕಿಸಿದ ಮೇಲೆ, ಅದುವರೆಗೆ ಸಾವಿರದೈನೂರಕ್ಕೂ ಹೆಚ್ಚು ಜನರಿಗೆ ಬಂದಿದ್ದ ಎಚ್7ಎನ್9 ಹೆಚ್ಚುಕಡಿಮೆ ಮಾಯವಾಯಿತು. ನಮ್ಮಲ್ಲಿ ಈ ಮಾರಕ ನಮೂನೆಗೆ ಕೋಳಿಗೆ ಲಸಿಕೆ ಹಾಕದೆ ಕೊಂದು ತಡೆಯುವ ನೀತಿ. ಲಸಿಕೆ ಹಾಕಿದ ಕೋಳಿ ಸಾಯದೆಯೇ ವೈರಸ್ ಹರಡಬಹುದು ಅನ್ನುವ ಅಳುಕು ಇದೆ. ಆ ಚರ್ಚೆ ಮುಗಿದಿಲ್ಲ.

ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋಗಬಹುದಾ?

ಧಾರಾಳವಾಗಿ. ಶಿರಹಟ್ಟಿ ಹತ್ತಿರದ ಆ ಕೆರೆಗೆ ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ದೂರದಿಂದ ನೋಡಿದರೆ ಏನೂ ಆಗುವುದಿಲ್ಲ. ಪಾಪ, ಅವೂ ಈ ರೋಗಕ್ಕೆ ಬಲಿಯೇ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಇದೇ ಜಾತಿಯವು ಸಾವಿರಗಟ್ಟಲೆ ಸತ್ತವು. ನಮ್ಮ ಮೈಸೂರು ಮೃಗಾಲಯವನ್ನೂ 2017ರ ಜನವರಿಯಲ್ಲಿ ಎಚ್5ಎನ್8 ಕಾರಣಕ್ಕೆ ಒಂದು ತಿಂಗಳು ಮುಚ್ಚಿದ್ದರು. ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ, ಅದನ್ನು ಎತ್ತಿ ಹಿಡಿದು ಸೆಲ್ಫಿ ತೆಗೆಯಬೇಡಿ, ಅರಣ್ಯ ಇಲಾಖೆಯವರಿಗೆ ಹೇಳಿ.

ಮನೆ ಬೆಕ್ಕಿಗೆ ಕೋಳಿ ಕರುಳು ಹಾಕುತ್ತೇವೆ, ಪರವಾಗಿಲ್ಲವಾ?

ಹಸಿಯಾಗಿ ಬೇಡ. ಬೆಕ್ಕಿನ ಜಾತಿಗೆ ಈ ವೈರಸ್ ತೀರ ಕೆಟ್ಟದ್ದು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕು ಬೆಕ್ಕುಗಳಲ್ಲಿ ಸಿಕ್ಕಿತು. ಅದೇ ಹೊತ್ತಿಗೆ ನಾಗ್ಪುರದ ಗೋರೆವಾಡಾ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಇದರಿಂದಲೇ ಸತ್ತವು. ಬೇಯಿಸಿ ಹಾಕಿ, ಅದಕ್ಕೇನೂ ಬೇಸರವಿಲ್ಲ. ನಮ್ಮ ಮನೆಯ ಬೆಕ್ಕು ಮೊದಲ ಎರಡು ದಿನ ಮುಖ ತಿರುಗಿಸಿತು, ಮೂರನೇ ದಿನದಿಂದ ಕುಕ್ಕರ್ ಸೀಟಿ ಕೇಳಿದರೆ ಸಾಕು, ಒಲೆ ಕಟ್ಟೆ ಪಕ್ಕ ಬಂದು ಕೂರುತ್ತದೆ.